ಗರ್ಭಕ್ಕೆ ಕಟ್ಟಿದ ಲಿಂಗ

ಹೊಂಗಲಗಟ್ಟಿಯ ಮಠಕ್ಕೆ ಈಗ ಕಲ್ಲಿನ ದ್ವಾರಬಾಗಿಲಿದೆ, ದಾಸೋಹಕ್ಕೆ ಉದ್ದನೆಯ ಪಡಸಾಲೆಯಿದೆ. ಪೂಜ್ಯ ಪರ್ವತಯ್ಯಜ್ಜನವರು ಇದ್ದ ಕಾಲಕ್ಕೆ ಇವೊಂದೂ ಇರಲಿಲ್ಲ. ಒಂದು ಮಣ್ಣಿನ ಮಾಳಿಗೆ, ಎರಡು ಖೋಲಿ, ಒಂದು ಕಂಬಳಿ. ಮಳೆಗಾಲದಲ್ಲಿ ಸೋರುವ ಕಡೆಯೆಲ್ಲ ಬೋಗುಣಿ ಇಟ್ಟು, ಸೋರದ ಮೂಲೆಗೆ ಅಜ್ಜನವರು ಕಂಬಳಿ ಎಳೆದುಕೊಳ್ಳುತ್ತಿದ್ದರು. ಊರ ನೇಕಾರರು ಮಗ್ಗದಲ್ಲಿ ಉಳಿದ ತುಂಡು ನೂಲನ್ನು ತಂದು ಅವರ ಮುಂದೆ ಸುರಿದು ಹೋಗುವರು. ಅದನ್ನು ಹೊಸೆದು ಹೊಸೆದು ಅಜ್ಜನವರು ಲಿಂಗ ಕಟ್ಟಿಕೊಳ್ಳುವ ಶಿವದಾರ ಮಾಡುವರು. ದೊಡ್ಡ ಸಾಹುಕಾರ ಬಂದು ಅಡ್ಡಬಿದ್ದರೂ ಸರಿ, ಹಾಲು ಮಾರುವವಳು ಬಂದು ಕೂತರೂ ಸರಿ, ಅವರ ತೊಡೆಯ ಮೇಲಿನ ನೂಲು ನಿಲ್ಲುತ್ತಿರಲಿಲ್ಲ.

ಅಜ್ಜನವರ ಪವಾಡ ಹೇಳಿ ಎಂದು ಗಂಟು ಬೀಳುವ ಭಕ್ತರು ಬಹಳ. ಬತ್ತಿದ ಬಾವಿಗೆ ನೀರು ಬಂದದ್ದು, ಹಾವು ಹೆಡೆ ಇಳಿಸಿದ್ದು, ಹೀಗೆ ಹೇಳುವುದಕ್ಕೆ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಪ್ರಸಂಗದಲ್ಲಿ ಪವಾಡವಿಲ್ಲ. ಪವಾಡವೇ ಬೇಕೆನ್ನುವವರು ಈಗಲೇ ಎದ್ದು ಹೋದರೂ ಬೇಸರವಿಲ್ಲ.

ಊರಲ್ಲಿ ಅಡಿವೆಪ್ಪ ಎಂಬ ನೇಕಾರನಿದ್ದ. ಕುಬಸದ ಖಣ ನೇಯುವ ಮನೆತನ. ಅವನ ತಾಯಿ ಬಾಳವ್ವ, ಗಂಡನನ್ನು ಬೇಗ ಕಳೆದುಕೊಂಡು ಒಬ್ಬನೇ ಮಗನನ್ನು ಮಗ್ಗದ ಮೇಲೆ ದೊಡ್ಡವನನ್ನಾಗಿ ಮಾಡಿದವಳು. ಹೆಂಡತಿ ಶಿವಲೀಲಾ. ಮದುವೆಯಾದ ಮರುವರ್ಷವೇ ಅವಳು ಬಸಿರಾದಾಗ ಬಾಳವ್ವನ ಕಾಲು ನೆಲದ ಮೇಲಿರಲಿಲ್ಲ. ಎಂಟನೆಯ ತಿಂಗಳಿಗೆ ಅಜ್ಜನವರನ್ನು ಮನೆಗೆ ಬಿನ್ನಹ ಮಾಡಿ ಕರೆಸಿದರು.

ಇಂದಿನವರಲ್ಲಿ ಕೆಲವರಿಗೆ ಈ ಸಂಸ್ಕಾರ ಗೊತ್ತಿರಲಿಕ್ಕಿಲ್ಲ. ಕೂಸು ಹೊಟ್ಟೆಯಲ್ಲಿರುವಾಗಲೇ ಗುರುಗಳು ಬಂದು ಅದರ ಸಲುವಾಗಿ ಒಂದು ಪುಟ್ಟ ಲಿಂಗವನ್ನು ತಾಯಿಯ ರಟ್ಟೆಗೆ ಕಟ್ಟುತ್ತಾರೆ. ತಾಯಿಯ ಕೊರಳಲ್ಲಿ ಅವಳದೇ ಲಿಂಗ ಇದ್ದೇ ಇರುತ್ತದೆ, ಇದು ಕೂಸಿನದು. ಹೆರಿಗೆಯಾದ ಮೇಲೆ ಬಿಚ್ಚಿ ಕೂಸಿಗೆ ಕಟ್ಟುವರು. ಅಲ್ಲಿಂದ ಅದು ಆ ಜೀವದ ಸಂಗಡವೇ ಇದ್ದು, ಕೊನೆಗೆ ಮಣ್ಣಿನಲ್ಲಿ ಕೂಡಿಸುವಾಗ ಎಡಗೈಯಲ್ಲಿ ಅದನ್ನೇ ಇಟ್ಟು ಕಳಿಸುತ್ತಾರೆ. ಶಿವಲೀಲಾಳ ರಟ್ಟೆಗೆ ಅಜ್ಜನವರೇ ಕೈಯಾರೆ ಕಟ್ಟಿದರು.

ಒಂಬತ್ತನೆಯ ತಿಂಗಳಲ್ಲಿ ನೋವು ಎದ್ದಿತು. ಹಗಲೆಲ್ಲ ಜೀವ ತಿಂದು, ಸಂಜೆಗೆ ಕೂಸು ಬಂತು. ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು. ಆಮೇಲೆ ಕೂಸನ್ನು ಬಾಳವ್ವನ ಕೈಗೆ ಕೊಟ್ಟಳು. ಅಡಿವೆಪ್ಪ ಖಣದ ಗಂಟು ಹೊತ್ತು ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ. ಬಾಳವ್ವ ಕೂಸನ್ನು ಅರಿವೆಯಲ್ಲಿ ಸುತ್ತಿ, ಸೆರಗಿನ ಒಳಗೆ ಹಿಡಿದು, ಹಿತ್ತಲ ಬಾಗಿಲಿನಿಂದ ಹೊರಟೇಬಿಟ್ಟಳು. ತಾಯಿಗೆ ತೋರಿಸಲಿಲ್ಲ. ಗಂಡೋ ಹೆಣ್ಣೋ ಹೇಳಲಿಲ್ಲ. ಆ ಊರಲ್ಲಿ ಅದೇ ರೂಢಿ. ತೋರಿಸಿದರೆ ಮನಸ್ಸಿಗೆ ಅಂಟುತ್ತದೆ, ಹೇಳಿದರೆ ಹಂಬಲ ಹತ್ತುತ್ತದೆ, ಎಲ್ಲಿ ಇಟ್ಟರೆಂಬುದು ಗೊತ್ತಾದರೆ ಹೋಗಿ ಕೂಡುತ್ತಾಳೆ ಎಂದು ಹಿರಿಯ ಹೆಂಗಸರು ನಂಬಿದ್ದರು.

ಬಾಗಿಲು ದಾಟುವ ಮೊದಲು ಬಾಳವ್ವ ಒಂದು ಮಾತು ಕೇಳಿದಳು. “ರಟ್ಟಿಗೆ ಕಟ್ಟಿದ್ದು ಬಿಚ್ಚಿ ಕೊಡ. ಅದರ ಜೋಡಿ ಹೋಗಬೇಕು.”

ಶಿವಲೀಲಾ ಗೋಡೆಯ ಕಡೆ ಮುಖ ಮಾಡಿದ್ದಳು. “ಇಲ್ರಿ ಅತ್ತಿ. ನಿನ್ನೆ ಎರಕೊಳ್ಳುವಾಗ ಎಲ್ಲೋ ಕಳಚಿ ಬಿದ್ದೈತಿ,” ಎಂದಳು.

ನೋವಿನ ನಡುವೆ ರಟ್ಟೆಯಿಂದ ಜಾರಿದ ಲಿಂಗ ಅವಳ ಮುಷ್ಟಿಯಲ್ಲಿತ್ತು. ಯಾಕೆ ಹಾಗೆ ಅಂದೆ ಎಂದು ಅವಳಿಗೇ ತಿಳಿಯಲಿಲ್ಲ. ಕೂಸನ್ನಂತೂ ಒಯ್ಯುತ್ತಿದ್ದರು, ಇದನ್ನೂ ಒಯ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದಷ್ಟೇ ಆ ಗಳಿಗೆಗೆ ಹೊಳೆದದ್ದು.

ಸುಳ್ಳು ಬಾಯಿಂದ ಬಂದು ಹೋಯಿತು, ಮನೆ ಮಾತ್ರ ಅದರ ಅಡಿಗೆ ಸಿಕ್ಕಿತು. ಗುರು ಕೊಟ್ಟ ಲಿಂಗ ಕಳೆಯುವುದೆಂದರೆ ಆ ಜನಕ್ಕೆ ಪ್ರಾಣ ಕಳೆದುಕೊಂಡಂತೆಯೇ ಸರಿ. ಅಡಿವೆಪ್ಪ ಬಚ್ಚಲು ಅಗೆದ, ಮೋರಿಯ ಕೆಸರನ್ನು ಜರಡಿ ಹಿಡಿದ. ಸಿಗಲಿಲ್ಲ. ಹೆಂಡತಿಯನ್ನು ಒಂದು ಮಾತು ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಸುಟ್ಟಿತು. ಲಿಂಗ ಕಳೆದ ಮನೆಯವನು ಎಂದು ಮಠದಲ್ಲಿ ಪ್ರಸಾದದ ಸಾಲಿಗೆ ಕೂಡುವುದನ್ನು ಬಿಟ್ಟ, ರಾತ್ರಿಯ ಊಟ ಬಿಟ್ಟ. ಅಜ್ಜನವರಿಗೆ ಯಾವ ಮುಖದಿಂದ ಹೇಳುವುದು ಎಂದು ತಾಯಿ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಶಿವಲೀಲಾ ಲಿಂಗವನ್ನು ಸೀರೆಯ ನಡುವಿನ ಗಂಟಿನಲ್ಲಿ ಇಟ್ಟುಕೊಂಡಳು. ಬೆಳಿಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯಲ್ಲಿ ಎರಡು ಲಿಂಗ ಇರುತ್ತಿದ್ದವು. ಹಿಂದಿನಿಂದ ನೋಡುವ ಅತ್ತೆಗೆ ಸೊಸೆಯ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಕೂಸಿನದಕ್ಕೆ ನೀರು, ವಿಭೂತಿ, ಒಂದು ಎಸಳು ಪತ್ರೆ. ಆಮೇಲೆ ತನ್ನದಕ್ಕೆ. ಕೂಸಿಗೆ ಮುಖವಿರಲಿಲ್ಲ, ಹೆಸರಿರಲಿಲ್ಲ. ಅವಳು ಅದನ್ನು ‘ಅದು’ ಎಂದೇ ನೆನೆಯುತ್ತಿದ್ದಳು.

ಆಮೇಲೆ ಎರಡು ಸಲ ಮುಟ್ಟು ನಿಂತಿತು. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ನಾಲ್ಕಕ್ಕೆ. ಬಾಳವ್ವ ಬೇರು ತೇದು ಕುಡಿಸಿದಳು, ಸೋಮವಾರ ಹಿಡಿಸಿದಳು, ಕಂಡ ಕಂಡ ಗಿಡ ಸುತ್ತಿಸಿದಳು. ಯಾವುದರಿಂದಲೂ ದಾರಿ ಕಾಣದಾಗ, “ಲಿಂಗಾ ಕಳಕೊಂಡ ಹೊಟ್ಟಿ, ಎಲ್ಲಿ ನಿಂತೀತು,” ಎಂದು ಒಲೆಯ ಮುಂದೆ ಗೊಣಗುವಳು. ಶಿವಲೀಲಾಗೆ ಆ ಮಾತು ಸುಳ್ಳೆನಿಸುತ್ತಿರಲಿಲ್ಲ. ಕಳೆದಿಲ್ಲದಿದ್ದರೇನಾಯಿತು, ಕದ್ದಿದ್ದೇನೆ. ಸತ್ತ ಕೂಸಿನದನ್ನು ಹಿಡಿದುಕೊಂಡು ಕೂತವಳ ಹೊಟ್ಟೆಯಲ್ಲಿ ಇನ್ನೊಂದು ಹೇಗೆ ಬಾಳೀತು ಎಂದು ಅವಳೇ ತನಗೆ ಶಾಪ ಹಾಕಿಕೊಳ್ಳುವಳು. ಕೊಟ್ಟುಬಿಡಬೇಕೆಂದು ಎಷ್ಟೋ ಸಲ ಗಂಟಿಗೆ ಕೈ ಹೋಗುತ್ತಿತ್ತು. ಬಿಚ್ಚುವುದಾಗುತ್ತಿರಲಿಲ್ಲ.

ಕೊನೆಗೆ ಅವಳು ಗಂಡನ ಹತ್ತಿರ ಮಲಗುವುದನ್ನೇ ಬಿಟ್ಟಳು. ಅತ್ತೆಗೆ ಕಾಲು ಒತ್ತುವ ನೆವ ಮಾಡಿ ಅವಳ ಪಕ್ಕ ಹಾಸಿಕೊಳ್ಳುವಳು. ಮತ್ತೆ ಬಸಿರಾಗುವುದು, ಮತ್ತೆ ಒಂದು ಅರಿವೆಯ ಗಂಟು ಹಿತ್ತಲ ಬಾಗಿಲಿನಿಂದ ಹೋಗುವುದು, ಇದನ್ನು ನೆನೆದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಬಾಳವ್ವನಿಗೆ ಇದು ತಿಳಿಯದೆ ಹೋಗಲಿಲ್ಲ. ಆದರೆ ಸೊಸೆಯ ತಂಪು ಕೈಗಳು ಕಾಲ ಮೇಲಿದ್ದಾಗ ಏಳು ಇಲ್ಲಿಂದ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

ಒಂದು ದಿನ ಅಡಿವೆಪ್ಪ ಮಗ್ಗದ ಕುಣಿಯಲ್ಲಿ ಕೂತವನು ಕೂತಲ್ಲೇ ಹೊರಳಿಬಿದ್ದ. ಒಪ್ಪೊತ್ತಿನ ಊಟದಲ್ಲಿ ಮಗ್ಗ ತುಳಿದು ತುಳಿದು ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಎತ್ತಿ ಮಲಗಿಸಿ, ಗಂಜಿ ಕುಡಿಸಿ, ಬಾಳವ್ವ ಸೆರಗು ಸರಿಮಾಡಿಕೊಂಡಳು. “ಮಾನಾ ಹೋದ್ರ ಹೋಗಲಿ. ನಡಿ ಮಠಕ್ಕ,” ಎಂದು ಸೊಸೆಯ ಕೈ ಹಿಡಿದು ಎಳೆದುಕೊಂಡು ಹೊರಟಳು.

ಮಧ್ಯಾಹ್ನದ ಹೊತ್ತು. ಅಜ್ಜನವರು ಗೋಡೆಗೆ ಒರಗಿ ನೂಲು ಹೊಸೆಯುತ್ತಿದ್ದರು.

“ಏನ ಬಾಳವ್ವಾ, ಭಾಳ ದಿನಕ್ಕ ಮಠದ ದಾರಿ ಸಿಕ್ತು?” ಎಂದು ನಕ್ಕು ಕೇಳಿದರು.

ಬಾಳವ್ವ ನಗುವ ಸ್ಥಿತಿಯಲ್ಲಿರಲಿಲ್ಲ. ಅಡ್ಡಬಿದ್ದವಳು ಏಳದೆಯೇ ಹೇಳಿದಳು. “ಯಪ್ಪಾ, ಈಕಿ ಹೊಟ್ಟ್ಯಾಗಿನ ಕೂಸಿಗೆ ನೀವು ಕಟ್ಟಿದ್ದ ಲಿಂಗಾ ಕಳದೈತ್ರಿ. ಕೂಸೂ ಉಳೀಲಿಲ್ಲ. ಹೇಳಾಕ ಅಂಜಿದ್ವಿ. ಅವತ್ತಿನಿಂದ ನಮ್ಮ ಮನ್ಯಾಗ ಒಂದೂ ನಿಂತಿಲ್ಲ. ಈಗ ಮಗಾ ಹಾಸಿಗಿ ಹಿಡದಾನ. ಈ ದೋಷಾ ಕಳೀರಿ. ಇಲ್ಲಾಂದ್ರ ಮೂರೂ ಮಂದಿ ಹಿಂಗ ಹೋಗತೇವಿ.”

ಅಜ್ಜನವರ ಕೈ ನಿಂತಿತು. ನೂಲನ್ನು ತೊಡೆಯಿಂದ ತೆಗೆದು ಕೆಳಗಿಟ್ಟರು.

“ಕೂಸು ಹೋಗಿ ಎಷ್ಟ ದಿನಾ ಆತು?”

“ಮೂರು ವರ್ಷ ಆತ್ರಿ.”

“ನನಗ್ಯಾಕ ಹೇಳಿ ಕಳಸಲಿಲ್ಲ?”

“ಅತ್ತಿದ್ದಿಲ್ಲ, ಉಸರ ಹಿಡದಿದ್ದಿಲ್ಲ. ಅಂಥಾದ್ದಕ್ಕ ಗುರುಗೋಳಿಗೆ ಏನಂತ ಹೇಳಿ ಕಳಸೂದ್ರಿ?”

“ಲಿಂಗಾ ಕಟ್ಟಿದಾಂವ ನಾ. ಅದು ನನ್ನ ಶಿಷ್ಯ,” ಎಂದರು ಅಜ್ಜನವರು. “ಗಂಡೋ, ಹೆಣ್ಣೋ?”

ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶಿವಲೀಲಾ ಕೇಳಲು ಹೆದರಿದ್ದಳು, ಅಡಿವೆಪ್ಪ ಕೇಳಲು ನಾಚಿದ್ದ. ಬಾಳವ್ವ ತಲೆ ತಗ್ಗಿಸಿದಳು. ‘ನನ್ನ ಶಿಷ್ಯ’ ಎಂಬ ಮಾತು ಶಿವಲೀಲಾಳ ಎದೆಯಲ್ಲಿ ಎಲ್ಲಿ ಹೋಗಿ ತಾಗಿತೋ, ಅವಳ ಕೈ ತಾನಾಗಿ ನಡುವಿನ ಗಂಟಿಗೆ ಹೋಯಿತು. ಬಿಚ್ಚಿ, ಬಿಳಿ ಅರಿವೆಯ ಚೂರನ್ನು ಸರಿಸಿ, ಲಿಂಗವನ್ನು ಅಂಗೈಯ ಮೇಲಿಟ್ಟು ಮುಂದೆ ಚಾಚಿದಳು.

“ಕಳದಿಲ್ರಿ ಅಜ್ಜಾರ. ನಾ ಸುಳ್ಳ ಹೇಳೀನಿ.”

ಬಾಳವ್ವ ಸೊಸೆಯ ಅಂಗೈಯನ್ನು ನೋಡಿದಳು, ಮುಖವನ್ನು ನೋಡಿದಳು. ಅವಳ ದನಿ ಏರಲಿಲ್ಲ, ಅದೇ ಭಯಂಕರವಾಗಿತ್ತು. “ನನ್ನ ಮಗಾ ಕಣ್ಣ ಮುಂದ ಸೊರಗಿ ಕಡ್ಡಿ ಆದಾ. ಬಾಯಿ ಬಿಡಲಿಲ್ಲ ನೀ. ಮ್ಯಾಲೆ ಎರಡು ಹೋದುವು, ಆವಾಗೂ ಬಿಡಲಿಲ್ಲ. ಎಂಥಾಕಿನ್ನ ಮನ್ಯಾಗ ತಂದಿಟ್ಟಕೊಂಡ್ನೆಪಾ ನಾ.”

“ಇದನ್ನೂ ಕೊಟ್ಟಿದ್ರ ನನ್ನ ಕೈಯಾಗ ಏನ ಉಳೀತಿತ್ರಿ ಅತ್ತಿ?” ಎಂದಳು ಶಿವಲೀಲಾ. “ಅದರ ಮುಖಾ ಕಂಡಿಲ್ಲ. ಎಲ್ಲಿಟ್ಟೀರಿ ಗೊತ್ತಿಲ್ಲ. ಒಂಬತ್ತ ತಿಂಗಳಾ ಹೊತ್ತೀನಿ, ಹೆಣ್ಣೋ ಗಂಡೋ ಅನ್ನೂದ ಸುದ್ದಾ ನನಗ ಗೊತ್ತಿಲ್ಲ.”

ಅಜ್ಜನವರು ಇಬ್ಬರನ್ನೂ ತಡೆಯಲಿಲ್ಲ, ಸಮಾಧಾನ ಮಾಡಲೂ ಹೋಗಲಿಲ್ಲ. “ಬಾಳವ್ವಾ, ನಾ ಕೇಳಿದ್ದಕ್ಕ ನೀ ಇನ್ನಾ ಹೇಳಿಲ್ಲ,” ಎಂದರು.

ಬಾಳವ್ವ ನೆಲ ನೋಡುತ್ತ ಹೇಳಿದಳು. “ಹೆಣ್ಣ್ರಿ.”

ಆಮೇಲೆ ಮಾತು ಅವಳ ಕೈಯಲ್ಲಿ ಉಳಿಯಲಿಲ್ಲ. “ತಲಿತುಂಬ ಕೂದಲಿದ್ದುವು. ಗದ್ದಾ ಈಕಿದ ಇತ್ತು. ಹೂಳೂಕಿಂತ ಮೊದಲ ಅರಿವಿ ಸರಿಸಿ ಭಾಳೊತ್ತ ನೋಡಿದ್ನಿರಿ. ಎಲ್ಲೆರ ಕಣ್ಣ ತೆರೀತೈತೇನೋ ಅಂತ. ನೋಡಿದ್ರ ಮರಿಯೂದಾಗೂದಿಲ್ಲ ಅಂತ ಈಕಿಗೆ ತೋರಸಲಿಲ್ಲ. ನನಗಂತೂ ಮರಿಯೂದಾಗಿಲ್ಲ.” ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದಳು. ಗಂಡ ಸತ್ತಾಗಲೂ ಮಂದಿಯೆದುರು ಅಳದ ಹೆಂಗಸು ಅವಳು.

ಹೆಣ್ಣು ಎಂಬ ಮಾತನ್ನು ಶಿವಲೀಲಾ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಳೋ. ‘ಅದು’ ಎಂದು ಕರೆದದ್ದಕ್ಕೆಲ್ಲ ಒಮ್ಮೆಲೇ ನಾಚಿಕೆಯಾಯಿತು. ಆಮೇಲೆ ಅವಳು ಕೇಳಬೇಕಾದ್ದನ್ನು ಕೇಳಿದಳು.

“ಆಮ್ಯಾಲಿನ ಎರಡು ನನ್ನ ಸುಳ್ಳಿನಿಂದ ಹೋದುವೇನ್ರಿ ಅಜ್ಜಾರ?”

“ಇಲ್ಲ.”

“ಮತ್ತ್ಯಾಕ ಹೋದುವು?”

“ನನಗ ಗೊತ್ತಿಲ್ಲವ್ವಾ,” ಎಂದರು ಅಜ್ಜನವರು. ಭಕ್ತರು ಗಮನಿಸಬೇಕು. ಊರೆಲ್ಲ ಸರ್ವಜ್ಞರೆಂದು ನಂಬಿದ ಗುರುಗಳು ನೇಕಾರರ ಮನೆಯ ಹೆಣ್ಣುಮಗಳೊಬ್ಬಳ ಮುಂದೆ ಗೊತ್ತಿಲ್ಲ ಎಂದರು. ಅವಳ ತಲೆಯ ಮೇಲಿದ್ದ ಕಲ್ಲು ಇಳಿದದ್ದು ಆ ಮಾತಿಗೇ. ಕಾರಣ ಹೇಳಿದ್ದರೆ ಅದನ್ನೂ ಹೊತ್ತುಕೊಂಡು ತಿರುಗುತ್ತಿದ್ದಳು.

ಅಜ್ಜನವರು ಕೋಲು ಊರಿ ಎದ್ದರು. “ದೋಷಾ ಏನೂ ಇಲ್ಲ. ಮಣ್ಣ ಕೊಡೂದು ಬಾಕಿ ಐತಿ. ಜಾಗಾ ತೋರಸ ನಡಿ ಬಾಳವ್ವಾ. ಅಡಿವೆಪ್ಪನೂ ಬರಲಿ. ಬರೂಕಿಂತ ಮೊದಲ ಹೊಟ್ಟಿ ತುಂಬ ಉಣ್ಣಸರಿ ಅವಗ.”

ಊರ ಹಿಂದೆ, ನೂಲಿಗೆ ಬಣ್ಣ ಹಾಕುವವರು ನೀರು ಚೆಲ್ಲುವ ಹಳ್ಳದ ದಂಡೆ. ಅಲ್ಲೊಂದು ಒಡೆದ ಒಳಕಲ್ಲು ಬೋರಲಾಗಿ ಬಿದ್ದಿತ್ತು. ನಾಯಿ ಕೆದರಬಾರದೆಂದು ಬಾಳವ್ವ ಆ ಸಂಜೆ ಒಬ್ಬಳೇ ಉರುಳಿಸಿಕೊಂಡು ಬಂದು ಹಾಕಿದ ಕಲ್ಲು. ಮನೆಯಿಂದ ಅಲ್ಲಿಗೆ ಕೂಗಳತೆಯ ದೂರ. ಮೂರು ವರ್ಷ ಶಿವಲೀಲಾ ಅದೇ ದಂಡೆಯಲ್ಲಿ ನೂಲು ಒಣಹಾಕಿದ್ದಳು.

ದಾರಿಯಲ್ಲೇ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ಹೊಡೆದರೆ ಹೊಡೆಯಲಿ ಎಂದುಕೊಂಡಿದ್ದಳು. ಅಡಿವೆಪ್ಪ ಕೇಳಿಸಿಕೊಂಡು, “ನನಗರ ಹೇಳಬೇಕಿತ್ತು. ಇಬ್ಬರೂ ಕೂಡಿ ಮುಚ್ಚಿಡತಿದ್ವಿ,” ಎಂದ. ಅವಳು ಅವನ ತೋಳು ಹಿಡಿದು ನಡೆಸಿದಳು.

ಅವನೇ ಕಲ್ಲು ಸರಿಸಿ, ಸಲಿಕೆಯಿಂದ ಒಂದಿಷ್ಟು ಮಣ್ಣು ತೆಗೆದ. “ಸಾಕು, ಇನ್ನ ಅಗೀಬ್ಯಾಡ,” ಎಂದರು ಅಜ್ಜನವರು. ಬರಿ ನೆಲದ ಮೇಲೆ ಕೂತರು. ದೊಡ್ಡ ಮನೆತನದ ಯಜಮಾನರು ತೀರಿಕೊಂಡಾಗ ಹೇಗೋ ಹಾಗೆ, ಒಂದು ಅಕ್ಷರ ಬಿಡದೆ ಮಂತ್ರ ಹೇಳಿದರು. ವಿಭೂತಿ ಇಟ್ಟರು, ಪತ್ರೆ ಇಟ್ಟರು.

“ಹೆಸರು?” ಎಂದರು.

ಬಾಳವ್ವ ಮಗನ ಮುಖ ನೋಡಿದಳು. ಶಿವಲೀಲಾ ಅದುವರೆಗೆ ಹೆಸರು ಎಣಿಸಿರಲೇ ಇಲ್ಲ. ಆದರೂ ಬಾಯಿಗೆ ಬಂತು. “ನೀಲಗಂಗಾ.”

“ನೀಲಗಂಗವ್ವ, ಅಡಿವೆಪ್ಪ ಶಿವಲೀಲಾ ಇವರ ಮಗಳು, ಈ ಮಠದ ಶಿಷ್ಯಳು,” ಎಂದು ಅಜ್ಜನವರು ಆ ಪುಟ್ಟ ಕುಣಿಗೆ ಕೇಳುವ ಹಾಗೆ ಹೇಳಿದರು. ಆಮೇಲೆ ಶಿವಲೀಲಾಳ ಕಡೆ ತಿರುಗಿ ಕೈ ತೋರಿಸಿದರು.

ಅವಳು ಕುಣಿಯ ಅಂಚಿಗೆ ಮೊಣಕಾಲೂರಿದಳು. ಮುಷ್ಟಿ ತೆರೆಯಲಿಲ್ಲ. ತೆರೆಯಬೇಕೆಂದು ಅವಳಿಗೆ ಮನಸ್ಸಿತ್ತು, ಬೆರಳುಗಳು ಕೇಳಲಿಲ್ಲ. ಬಾಳವ್ವ ಮುಂದೆ ಬಂದು ಬಿಡಿಸಲು ನೋಡಿದಳು. ಅಜ್ಜನವರು ಕಣ್ಣಿನಿಂದಲೇ ಅವಳನ್ನು ಹಿಂದೆ ಸರಿಸಿದರು. ಎಲ್ಲರೂ ಕಾದರು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ ನೋಡುತ್ತಿದ್ದರು.

“ಇದು ನನ್ನದ್ರಿ,” ಎಂದಳು ಶಿವಲೀಲಾ.

“ಅಲ್ಲವ್ವಾ. ಆಕಿದು,” ಎಂದರು ಅಜ್ಜನವರು. “ಮೂರು ವರ್ಷಾತು, ಬರಿಗೈಲೆ ಕುಂತಾಳ. ಆಕಿದು ಆಕಿಗೆ ಕೊಟ್ಟು ಬಾ.”

ಆ ಮಾತು ಕೇಳಿ ಅವಳು ಹೇಗೆ ಅತ್ತಳೆಂದರೆ, ಹಳ್ಳದ ಆಚೆ ದಂಡೆಯ ಮನೆಗಳಿಂದ ಜನ ಹೊರಗೆ ಬಂದರು. ಕೂಸು ಹೋದ ದಿನದಿಂದ ತಡೆಹಿಡಿದದ್ದೆಲ್ಲ ಅದು. ಅಳುತ್ತಲೇ ಮುಷ್ಟಿ ಬಿಚ್ಚಿದಳು. ಲಿಂಗವನ್ನು ಮಣ್ಣಿನಲ್ಲಿಟ್ಟು, ಕೂಸಿನ ತಲೆ ಎಲ್ಲಿರಬಹುದೆಂದು ಬಾಳವ್ವನನ್ನು ಕೇಳಿ, ಅಲ್ಲಿ ಅಂಗೈ ಇಟ್ಟು ಸವರಿದಳು. ಆಮೇಲೆ ಮೂವರೂ ಕೂಡಿ ಮಣ್ಣು ಮುಚ್ಚಿದರು.

ತಿರುಗಿ ಹೊರಡುವಾಗ ಬಾಳವ್ವ ಅಜ್ಜನವರ ಕಾಲು ಹಿಡಿದಳು. “ಇನ್ನ ಮುಂದಿಂದು ನಿಲ್ಲತೈತೇನ್ರಿ ಯಪ್ಪಾ? ಒಂದು ಮಾತು ಕೊಡ್ರಿ.”

ಬೇರೆ ಯಾರಾದರೂ ಆಗಿದ್ದರೆ ಒಂದು ಕಾಯಿ ಉಡಿಗೆ ಹಾಕಿ, ಗಂಡುಮಗು ಆಗತೈತಿ ಹೋಗವ್ವಾ ಎಂದುಬಿಡುತ್ತಿದ್ದರು. ಕೇಳಿದವರಿಗೂ ಅದೇ ಬೇಕಾಗಿತ್ತು. ಅಜ್ಜನವರು ಬಾಳವ್ವನನ್ನು ಬಿಟ್ಟು ಶಿವಲೀಲಾಳನ್ನು ನೋಡಿ ಹೇಳಿದರು. “ಬಂದ್ರ ಲಿಂಗಾ ಕಟ್ಟತೇನಿ. ಹೋದ್ರ ಮಣ್ಣಿಗೆ ಬರತೇನಿ.”

ಅಷ್ಟೇ. ಶಿವಲೀಲಾ ಆ ಮಾತನ್ನು ಮನೆಗೆ ಒಯ್ದಳು. ಹೆದರಿಕೆ ಹೋಯಿತೆಂದು ಯಾರೂ ತಿಳಿಯಬಾರದು, ಅದು ಎಲ್ಲಿ ಹೋಗುತ್ತದೆ. ಆದರೆ ಏನೇ ಬಂದರೂ ಇನ್ನು ಮೇಲೆ ಹಿತ್ತಲ ಬಾಗಿಲಿನಿಂದ ಕದ್ದು ಹೋಗುವುದಿಲ್ಲ, ಗುರು ಬಂದು ಹೆಸರು ಹಿಡಿದು ಕರೆಯುತ್ತಾರೆ ಎಂಬುದೊಂದು ಅವಳಿಗೆ ಗಟ್ಟಿಯಾಯಿತು. ಕೆಲವು ದಿನಗಳಾದ ಮೇಲೆ ತನ್ನ ಹಾಸಿಗೆಯನ್ನು ಅತ್ತೆಯ ಪಕ್ಕದಿಂದ ಎತ್ತಿ ಗಂಡನ ಖೋಲಿಗೆ ಒಯ್ದಳು. ಬಾಳವ್ವ ನೋಡಿಯೂ ನೋಡದವಳಂತೆ ಮಗ್ಗುಲಾದಳು.

ಮರುವರ್ಷ ಅವಳು ಮತ್ತೆ ಬಸಿರಾದಳು. ಐದನೆಯ ತಿಂಗಳಲ್ಲಿ ಅದೂ ಹೋಯಿತು. ಈ ಸಲ ಬಾಳವ್ವ ತಾನೇ ಮಠಕ್ಕೆ ಹೋಗಿ ಹೇಳಿದಳು. ಅಜ್ಜನವರು ಆ ಹೊತ್ತಿಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಹತ್ತಿರ ಇದ್ದ ಹಿರಿಯರು, ಬುದ್ಧೀ, ಅದಕ್ಕಿನ್ನೂ ಲಿಂಗವೇ ಆಗಿಲ್ಲ, ಗುರುಗಳು ಹೋಗುವ ಪದ್ಧತಿಯಿಲ್ಲ ಎಂದು ತಡೆದರು. “ಬರತೇನಿ ಅಂತ ಹೇಳೀನಲ್ಲ,” ಎಂದರಷ್ಟೇ ಅಜ್ಜನವರು. ಇಬ್ಬರು ನೇಕಾರರು ರಟ್ಟೆ ಹಿಡಿದು ಹಳ್ಳದ ದಂಡೆಗೆ ನಡೆಸಿಕೊಂಡು ಬಂದರು. ಅಂಗೈಯಷ್ಟು ಉದ್ದದ ಆ ಜೀವಕ್ಕೆ ಅವರು ತಮ್ಮ ಜೋಳಿಗೆಯಿಂದ ಒಂದು ಲಿಂಗ ತೆಗೆದು ಇಟ್ಟರು. ಅದೇ ಅವರು ಮಠದ ಹೊರಗೆ ಮಾಡಿದ ಕಡೆಯ ಸಂಸ್ಕಾರ. ಆ ಚಳಿಗಾಲದಲ್ಲೇ ಅವರು ಲಿಂಗೈಕ್ಯರಾದರು.

ಮುಂದೆ ಅವಳಿಗೆ ಮಕ್ಕಳಾದವೇ ಎಂದು ಕೇಳದೆ ಈ ಪ್ರಸಂಗದಿಂದ ಯಾರೂ ಏಳುವುದಿಲ್ಲ. ಆಗಲಿಲ್ಲ. ಅಜ್ಜನವರ ಪಾದ ಮುಟ್ಟಿದ ಮನೆಗೆ ಹೀಗಾಗಬಹುದೇ ಎಂದು ಕೆಲವರು ಮುಖ ಸಣ್ಣದು ಮಾಡುತ್ತಾರೆ. ಅಜ್ಜನವರು ಕೊಟ್ಟ ಮಾತು ಏನೆಂದು ಅವರು ಸರಿಯಾಗಿ ಕೇಳಿಸಿಕೊಂಡಿಲ್ಲ.

ಬಾಳವ್ವ ಮಾತ್ರ ಮೊದಲಿನ ಬಾಳವ್ವನಾಗಿ ಉಳಿಯಲಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆ ಕೆಟ್ಟಿತೆಂದು ಕಿವಿಗೆ ಬಿದ್ದರೂ, ಕರೆಯಲಿ ಬಿಡಲಿ, ಕೋಲು ಹಿಡಿದು ಹೋಗುವಳು. ಅರಿವೆ ಸುತ್ತಿಕೊಂಡು ಅವಸರ ಮಾಡುವ ಹೆಂಗಸರಿಗೆ ಬಾಗಿಲಲ್ಲಿ ಅಡ್ಡ ನಿಂತು, “ತಡೀರಿ. ಹಡದಾಕಿನ್ನ ಕೇಳೀರೇನ?” ಎನ್ನುವಳು. ಆಮೇಲೆ ಬಾಣಂತಿಯ ತಲೆಯ ಹತ್ತಿರ ಕೂತು, “ನೋಡ್ತಿ ಏನ ಯವ್ವಾ?” ಎಂದು ಕೇಳುವಳು. ಕೆಲವರು ಕೈ ಚಾಚುತ್ತಿದ್ದರು. ಕೆಲವರು ಬೇಡವೆಂದು ಗೋಡೆಗೆ ತಿರುಗುತ್ತಿದ್ದರು. ಬಾಳವ್ವ ಯಾರನ್ನೂ ಒತ್ತಾಯ ಮಾಡುತ್ತಿರಲಿಲ್ಲ. ಗೋಡೆಗೆ ತಿರುಗಿದವರ ಬೆನ್ನು ಸವರುತ್ತ ಬಹಳ ಹೊತ್ತು ಕೂತಿರುವಳು. ಏಳುವ ಮೊದಲು ಕಿವಿಯ ಹತ್ತಿರ ಬಾಗಿ, ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಹೇಳಿ ಏಳುವಳು.